ಬೀರೇದೇವರು ಎಡಕ್ಕೆ ಕೊಟ್ಟ ಹೂವು

ಹಾರೋಹಳ್ಳಿ
೧೨ ಜೂನ್ ೨೦೦೫

ಅಪ್ಪನಿಗೆ,

ಎಲ್ಲರೂ ಕ್ಷೇಮ ಎಂದು ಶುರು ಮಾಡುವುದು ವಾಡಿಕೆ. ಅಮ್ಮನನ್ನು ಬೆಂಗಳೂರಿನ ಆಸ್ಪತ್ರೆಗೆ ತೋರಿಸಿಕೊಂಡು ಬಂದು ಇನ್ನೂ ವಾರವಾಗಿಲ್ಲ, ಆ ಮಾತು ಬರೆಯಲು ಕೈ ಏಳುತ್ತಿಲ್ಲ. ನಾನು ಚೆನ್ನಾಗಿದ್ದೇನೆ, ಅಷ್ಟು ಸಾಕು.

ಫೋನ್ ಮಾಡಬಹುದಿತ್ತು. ಆದರೆ ನಮ್ಮೂರ ಹುಚ್ಚಯ್ಯನ ಅಂಗಡಿಯ ಕಾಯಿನ್ ಫೋನಿನಲ್ಲಿ ಮಾತಾಡುವುದೂ ಒಂದೇ, ಊರಿಗೆಲ್ಲ ತಮಟೆ ಹೊಡೆಸುವುದೂ ಒಂದೇ. ಬೆಲ್ಲ ಕೊಳ್ಳಲು ಬಂದವರು ಬೆಲ್ಲ ಮರೆತು ನಿಂತುಬಿಡುತ್ತಾರೆ.

ಡಾಕ್ಟರಮ್ಮ ಹೇಳಿದ್ದು ಗಲಾಟೆಯಲ್ಲಿ ನಿನಗೆ ಪೂರಾ ಕೇಳಿಸಿರಲಿಕ್ಕಿಲ್ಲ. ಅಮ್ಮನ ಎದೆಯೊಳಗಿನ ಒಂದು ಕವಾಟ ಸರಿಯಾಗಿ ಮುಚ್ಚುತ್ತಿಲ್ಲ. ಆಪರೇಷನ್ ಮಾಡಿ ಅದನ್ನು ಬದಲಾಯಿಸಬೇಕು. ಹಾಗೇ ಬಿಟ್ಟರೆ ಎರಡು ವರ್ಷ ತಳ್ಳುವುದೂ ಕಷ್ಟ. ಅವರ ಆಸ್ಪತ್ರೆಯಲ್ಲಿ ಈವರೆಗೆ ಇದೇ ಆಪರೇಷನ್ ಆದವರಲ್ಲಿ ನೂರಕ್ಕೆ ತೊಂಬತ್ತೈದು ಜನ ತಮ್ಮ ಕಾಲ ಮೇಲೆ ನಡೆದುಕೊಂಡು ಮನೆಗೆ ಹೋಗಿದ್ದಾರೆ. ಖರ್ಚಿನ ಯೋಚನೆ ಬೇಡ, ನನ್ನ ಫ್ಯಾಕ್ಟರಿಯ ಇಎಸ್‌ಐ ವಿಮೆಯಲ್ಲಿ ಆಗುತ್ತದೆ.

ಆದರೆ ಬಸ್ಸಿನಲ್ಲಿ ಅಮ್ಮ ಹೇಳಿದ್ದು ನಿನಗೂ ಗೊತ್ತು. "ಬೀರಪ್ಪ ಬಲಗಡೆ ಹೂ ಕೊಟ್ರೆ ಬತ್ತೀನಿ. ಎಡಗಡೆ ಕೊಟ್ರೆ ಯಾರೂ ನನ್ನ ಬಲವಂತ ಮಾಡಂಗಿಲ್ಲ" ಅಂದಳು. ಅವಳ ಹಟ ಬಂಡೆಗಿಂತ ಗಟ್ಟಿ. ಹಾಗಾಗಿ ಕೇಳಿಬಿಡು ಅಪ್ಪ, ಧೈರ್ಯವಾಗಿ ಕೇಳು. ಹೂ ಬಲಕ್ಕೇ ಬೀಳುತ್ತದೆ.

ಹೇಗೆ ಗೊತ್ತು ಅನ್ನುತ್ತೀಯಾ? ಚಿಕ್ಕವಳಿದ್ದಾಗ ಸೋಮವಾರ ಸೋಮವಾರ ನಿನ್ನ ಹಿಂದೆ ಗುಡಿಗೆ ಬರುತ್ತಿದ್ದೆನಲ್ಲ. ನೀನು ಕಣಗಿಲೆ ಹೂವನ್ನು ನೀರಿನಲ್ಲಿ ಅದ್ದಿ ದೇವರ ನೆತ್ತಿಯ ಮೇಲಿಟ್ಟು, ಬಂದವರ ಕಷ್ಟ ಹೇಳಿ ಕೈಮುಗಿದು ನಿಲ್ಲುತ್ತಿದ್ದೆ. ಹೂ ನಿಧಾನವಾಗಿ ಜಾರುತ್ತಿತ್ತು. ನಾನು ಕಂಬದ ಹಿಂದೆ ಕೂತು ಹುಣಿಸೆ ಬೀಜ ಹಾಕುತ್ತಿದ್ದೆ. ಬಲಕ್ಕೆ ಬಿದ್ದರೆ ಒಂದು ಚಿಪ್ಪಿಗೆ, ಎಡಕ್ಕೆ ಬಿದ್ದರೆ ಇನ್ನೊಂದು ಚಿಪ್ಪಿಗೆ. ಬಲದ ಚಿಪ್ಪು ಯಾವಾಗಲೂ ಬೇಗ ತುಂಬುತ್ತಿತ್ತು. ಹತ್ತಕ್ಕೆ ಏಳು ಬಲಕ್ಕೆ ಎಂದೇ ಇಟ್ಟುಕೋ. ಗುಡಿ ಹಿಂದಿನ ಬೇವಿನ ಮರದ ಬೇರು ಪೀಠವನ್ನು ಒಂದು ಪಕ್ಕ ಎತ್ತಿ, ಬೀರಪ್ಪ ಒಸಿ ಬಲಕ್ಕೆ ವಾಲಿದ್ದ. ನಾನು ಈ ಲೆಕ್ಕ ಹೇಳಿದಾಗ ನೀನು "ದೇವರಿಗೇ ಲೆಕ್ಕ ಇಡ್ತೀಯೇನೇ" ಎಂದು ಕಿವಿ ಹಿಂಡಿದೆ. ಅಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಿದ್ದಳು.

ಈಗ ಫ್ಯಾಕ್ಟರಿಯಲ್ಲಿ ನನಗೆ ಸಂಬಳ ಕೊಡುವುದೂ ಅದೇ ಕೆಲಸಕ್ಕೆ. ನಮ್ಮಲ್ಲಿ ಮಾಡುವ ಬಾಟಲಿ ಮುಚ್ಚಳದ ರಾಶಿಯಲ್ಲಿ ಒಂದು ಹಿಡಿ ತೆಗೆದು, ಕೆಟ್ಟದ್ದೆಷ್ಟು ನೋಡಿ, ಉಳಿದ ರಾಶಿ ಹೇಗಿದೆ, ನಾಳೆ ಬರುವುದು ಹೇಗಿರುತ್ತದೆ ಎಂದು ಹೇಳುತ್ತೇನೆ. ಅಂದು ಕಿವಿ ಹಿಂಡಿಸಿಕೊಂಡಿದ್ದು ದಂಡವಾಗಲಿಲ್ಲ.

ನಿನ್ನ ಮಗಳು,
ವನಜಾಕ್ಷಿ


ಬೀರೇದೊಡ್ಡಿ, ಕೂಟಗಲ್ ಹೋಬಳಿ
೨೦ ಜೂನ್ ೨೦೦೫

ಚಿರಂಜೀವಿ ವನಜಾಕ್ಷಿಗೆ ಅಪ್ಪನ ಆಶೀರ್ವಾದ.

ನಿನ್ನ ಕಾಗದ ಓದಿದೆ. ಅಮ್ಮನಿಗೂ ಓದಿ ಹೇಳಿದೆ, ಹುಣಿಸೆ ಬೀಜದ ಭಾಗ ಬಿಟ್ಟು. ನಾಲ್ಕು ಮುಚ್ಚಳ ನೋಡಿ ರಾಶಿಯ ಜಾತಕ ಹೇಳುವವಳು ಈಗ ಬೀರಪ್ಪನ ಜಾತಕಕ್ಕೂ ಕೈ ಹಾಕಿದ್ದೀಯ. ನಮ್ಮಪ್ಪ ಇದ್ದಿದ್ದರೆ ಕಿವಿ ಹಿಂಡುವುದರಲ್ಲೇ ಬಿಡುತ್ತಿರಲಿಲ್ಲ.

ನೀನಿರುವ ಹಾರೋಹಳ್ಳಿ ಎಂದರೆ ನನಗೆ ಈಗಲೂ ಬಯಲೇ ಕಣ್ಣ ಮುಂದೆ ಬರುತ್ತದೆ. ನಿನ್ನ ಅಮ್ಮನನ್ನು ಮದುವೆಯಾದ ಹೊಸದರಲ್ಲಿ ಕುರಿ ಹೊಡೆದುಕೊಂಡು ಅಲ್ಲಿಯವರೆಗೂ ಹೋಗುತ್ತಿದ್ದೆವು. ಗೌಡರು ಗೊಬ್ಬರಕ್ಕೆಂದು ತಮ್ಮ ಹೊಲದಲ್ಲಿ ಮಂದೆ ತರುಬಿಸಿಕೊಂಡು ರಾಗಿ ಅಳೆದು ಕೊಡುತ್ತಿದ್ದರು. ನಿನ್ನ ಅಮ್ಮ ಮೂರು ಕಲ್ಲು ಹೂಡಿ ಮುದ್ದೆ ತೊಳಸುತ್ತಿದ್ದಳು. ಸಾವನದುರ್ಗದ ಕಡೆಯಿಂದ ಗಾಳಿ ಬೀಸಿದರೆ ಇಬ್ಬರಿಗೂ ಒಂದೇ ಕಂಬಳಿ. ನೀನು ಮುಚ್ಚಳ ಎಣಿಸುವ ಜಾಗದಲ್ಲೇ ನಮ್ಮ ಮಂದೆ ಮಲಗಿದ್ದಿರಲೂಬಹುದು. ಈಗ ಅಲ್ಲೆಲ್ಲ ತಂತಿಬೇಲಿ ಎಂದು ಕೇಳಿದೆ. ಇಲ್ಲೂ ಕೆರೆ ಹಿಂದಿನ ಗೋಮಾಳಕ್ಕೆ ಮಾರಾಟಕ್ಕೆಂದು ಅಳತೆ ಕಲ್ಲು ನೆಟ್ಟು ಹೋಗಿದ್ದಾರೆ.

ಜಮೀನು ಕೊಡಿಸುವ ಅನಂತರಾಜು ಗೊತ್ತಲ್ಲ, ಅವನು ಯುಗಾದಿ ಮುಂಚೆ ಗುಡಿಗೆ ಕೈ ಹಚ್ಚಿ ಜೀರ್ಣೋದ್ಧಾರ ಮಾಡಿಸಿದ. ಟೈಲ್ಸ್ ಹಾಕಿಸಿದ್ದಾನೆ. ಎಣ್ಣೆ ಬಿದ್ದರೆ ಕಾಲು ಜಾರುತ್ತದೆ. ಹೋದ ಸಲ ಬಂದಾಗ ನೀನು ಹೊರಗಾಗಿದ್ದೆ, ಗುಡಿ ಕಡೆ ಬರಲಿಲ್ಲ, ಇಲ್ಲದಿದ್ದರೆ ನೋಡುತ್ತಿದ್ದೆ.

ಹೂವಿನ ಮಾತು. ಪೂಜಾರಿ ತನ್ನ ಮನೆಯ ವಿಷಯ ತಾನೇ ಕೇಳುವಂತಿಲ್ಲ. ಪ್ರಶ್ನೆಯನ್ನು ಊರ ಯಜಮಾನ ನರಸಯ್ಯ ಹೇಳಬೇಕು, ಹೂ ಮಾತ್ರ ನಾನಿಡಬೇಕು. ನರಸಯ್ಯ ಒಪ್ಪಿದ್ದಾನೆ. ನಾನೇ ದಿನ ತಳ್ಳುತ್ತಿದ್ದೇನೆ. ಡಾಕ್ಟರಮ್ಮ ತೊಂಬತ್ತೈದು ಎಂದಾಗ ನೀನು ನಗುತ್ತಿದ್ದೆ. ನನಗೆ ಉಳಿದ ಐದರದೇ ಯೋಚನೆ. ಆ ಐದು ಜನರ ಮನೆಯಲ್ಲೂ ನನ್ನಂಥ ಒಬ್ಬ ಕೂತಿದ್ದಾನಲ್ಲ.

ಇಂತಿ ನಿನ್ನ ತಂದೆ,
ಲಕ್ಕಯ್ಯ


ಹಾರೋಹಳ್ಳಿ
೨೭ ಜೂನ್ ೨೦೦೫

ಅಪ್ಪನಿಗೆ,

ದಿನ ತಳ್ಳಬೇಡ. ಆಸ್ಪತ್ರೆಯವರು ಆಗಸ್ಟ್ ಹದಿನೇಳಕ್ಕೆ ಹಾಸಿಗೆ ಕೊಟ್ಟಿದ್ದಾರೆ. ತಪ್ಪಿಸಿಕೊಂಡರೆ ಮತ್ತೆ ಯಾವಾಗಲೋ.

ನನ್ನ ಲೆಕ್ಕವನ್ನು ಆಡಿಕೊಳ್ಳುತ್ತೀಯಲ್ಲ, ನೀನೇನು ಕಡಿಮೆಯೇ? ಯಾವ ಕುರಿ ಎರಡು ಸಲ ಮರಿಯನ್ನು ಹತ್ತಿರ ಸೇರಿಸಲಿಲ್ಲವೋ ಅದು ಮೂರನೆಯ ಸಲವೂ ಸೇರಿಸುವುದಿಲ್ಲ ಎಂದು ಮಾರಿಬಿಡುತ್ತಿದ್ದೆ. ಇಂಥ ದಿಕ್ಕಿಗೆ ಮಿಂಚಿದರೆ ಮಳೆ ಬಂದೇ ಬರುತ್ತದೆ ಎಂದು ರಾಗಿ ಚೆಲ್ಲುತ್ತಿದ್ದೆ. ಯಾವ ದೇವರು ಬಂದು ಹೇಳಿದ್ದ ಅದನ್ನು? ಹಿಂದೆ ಆದದ್ದನ್ನು ನೋಡಿ ಮುಂದೆ ಆಗುವುದನ್ನು ಹೇಳುತ್ತಿದ್ದೆ. ಒಂದೊಂದು ಸಲ ತಪ್ಪುತ್ತಿತ್ತು. ಹಾಗಂತ ಬಿತ್ತನೆ ಬಿಟ್ಟು ಕೂತಿದ್ದೆಯಾ?

ಜೊತೆಯಲ್ಲಿ ಕೆಲಸ ಮಾಡುವ ಖತೀಜಾಳಿಗೆ ಇದೆಲ್ಲ ಹೇಳಿದೆ. ಅವಳು ಚನ್ನಪಟ್ಟಣದವಳು, ಅವಳ ತಂದೆ ಬಾಬಾಜಾನ್ ಬೊಂಬೆಗೆ ಅರಗಿನ ಬಣ್ಣ ಹಾಕುತ್ತಾರೆ. "ನಮ್ ಅಬ್ಬಾನೂ ಅಷ್ಟೇ ಕಣೇ. ಮರ ಮುಟ್ಟಿ ನೋಡಿ ಸೀಳತ್ತೋ ಇಲ್ವೋ ಹೇಳ್ತಾರೆ. ತಪ್ಪಿದ್ರೆ ಮಾತ್ರ ಆ ದಿನ ಮನೇಲಿ ಯಾರೂ ಮಾತಾಡ್ಸಂಗಿಲ್ಲ" ಎಂದು ನಕ್ಕಳು.

ಆಷಾಢ ಹಿಡಿಯುವ ಮುಂಚೆ, ಬರುವ ಸೋಮವಾರವೇ ಕೇಳಿಬಿಡು. ಅಮ್ಮನಿಗೂ ನಿನ್ನೆ ಫೋನಿನಲ್ಲಿ ಹೇಳಿದ್ದೇನೆ, ಬಲಕ್ಕೆ ಬರದಿದ್ದರೆ ನನ್ನ ಹೆಸರು ವನಜಾಕ್ಷಿಯೇ ಅಲ್ಲ ಎಂದು. ಹುಚ್ಚಯ್ಯ ಕೇಳಿಸಿಕೊಂಡಿದ್ದರೆ ಕೇಳಿಸಿಕೊಳ್ಳಲಿ.

ವನಜಾಕ್ಷಿ


ಬೀರೇದೊಡ್ಡಿ
೫ ಜುಲೈ ೨೦೦೫

ಚಿ. ವನಜಾಕ್ಷಿಗೆ,

ನಿನ್ನೆ ಕೇಳಿದೆವು. ಹೂ ಎಡಕ್ಕೆ ಬಂತು.

ಅಮ್ಮ ತೀರ್ಥ ತೆಗೆದುಕೊಂಡು ಮನೆಗೆ ನಡೆದಳು. ದಾರಿಯಲ್ಲಿ ಎರಡು ಕಡೆ ಕೂತು ಸುಧಾರಿಸಿಕೊಂಡಳು. ಆಸ್ಪತ್ರೆಗೆಂದು ಬ್ಯಾಗಿನಲ್ಲಿ ಮಡಿಸಿಟ್ಟಿದ್ದ ಸೀರೆಗಳನ್ನು ತೆಗೆದು ಮತ್ತೆ ಪೆಟ್ಟಿಗೆಗೆ ಹಾಕಿದಳು. "ಆಯ್ತಲ್ಲ, ಇನ್ನು ಆ ಮಾತು ಎತ್ತಬ್ಯಾಡಿ" ಎಂದಳು.



ಲಕ್ಕಯ್ಯ


ಹಾರೋಹಳ್ಳಿ
೯ ಜುಲೈ ೨೦೦೫

ಅಪ್ಪ,

ನಿನ್ನ ಕಾಗದ ಬಂದ ದಿನ ಕೆಲಸಕ್ಕೆ ಹೋದೆ, ಆದರೆ ಏನು ಮಾಡಿದೆನೋ ಗೊತ್ತಿಲ್ಲ. ಮೊದಲು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಹತ್ತಕ್ಕೆ ಏಳು ಅಂದರೆ ಮೂರು ಸಲ ಎಡಕ್ಕೂ ಬೀಳಲೇಬೇಕು, ಅಮ್ಮನ ದುರದೃಷ್ಟ, ಆ ಮೂರರಲ್ಲಿ ಒಂದು ಬಿತ್ತು ಎಂದುಕೊಂಡೆ. ಮನಸ್ಸು ಒಪ್ಪಲಿಲ್ಲ.

ನಿನ್ನೆ ನಮ್ಮ ಲೈನಿನಲ್ಲಿ ಮುಚ್ಚಳದ ಅಚ್ಚು ಬದಲಾಯಿಸಿದರು. ನಾನು ಏನೋ ಯೋಚನೆಯಲ್ಲಿ ಹೋದ ತಿಂಗಳ ಲೆಕ್ಕ ನೋಡಿಯೇ ಮಾಲು ಪಾಸ್ ಮಾಡಲು ಹೊರಟಿದ್ದೆ. ಖತೀಜಾ ಕೈ ಹಿಡಿದುಕೊಂಡಳು. "ಅಚ್ಚೇ ಬೇರೆ ಆಯ್ತಲ್ಲೇ, ಹಳೇ ಲೆಕ್ಕ ಇಟ್ಕೊಂಡು ಏನ್ಮಾಡ್ತೀಯ? ಮೊದಲಿಂದ ನೋಡು" ಎಂದಳು. ಅಲ್ಲೇ ನಿಂತುಬಿಟ್ಟೆ ಅಪ್ಪ. ರೂಮಿಗೆ ಬಂದು ನಿನ್ನ ಹಳೆಯ ಕಾಗದ ತೆಗೆದೆ. ಯುಗಾದಿ ಮುಂಚೆ ಟೈಲ್ಸ್ ಹಾಕಿಸಿದರು ಎಂದು ಬರೆದಿದ್ದೀಯ. ಟೈಲ್ಸ್ ಹಾಕುವಾಗ ಬೀರಪ್ಪನನ್ನು ಎತ್ತಿದರಾ? ಪೀಠ ಹೊಸದಾ? ಈಗ ಅವನು ಯಾವ ಕಡೆ ವಾಲಿದ್ದಾನೆ?

ದಿನವೂ ಊರೆಲ್ಲರಿಗೂ ಬುದ್ಧಿ ಹೇಳುವವಳು ನಾನು. ಹಿಂದಿನ ಲೆಕ್ಕ ಮುಂದಕ್ಕೆ ನಡೆಯುವುದು ಹಿಂದಿದ್ದದ್ದು ಹಾಗೇ ಇದ್ದರೆ ಮಾತ್ರ. ಅದನ್ನು ಮರೆತು, ಹತ್ತು ವರ್ಷದವಳಾಗಿದ್ದಾಗ ಕಂಡ ಗುಡಿ ಈಗಲೂ ಹಾಗೇ ನಿಂತಿದೆ ಎಂದು ನಂಬಿ, ಅಮ್ಮನಿಗೆ ಆಣೆ ಇಟ್ಟು ಹೇಳಿಬಿಟ್ಟೆ. ದೂರ ಬಂದವರಿಗೆ ಊರು ಬದಲಾಗುವುದೇ ಇಲ್ಲವೇನೋ.

ಒಂದು ಕೆಲಸ ಮಾಡು. ಪೂಜೆ ಮುಗಿದು ಎಲ್ಲರೂ ಹೋದ ಮೇಲೆ ಪೀಠದ ಮೇಲೆ ಒಂದು ನಿಂಬೆಹಣ್ಣು ಇಟ್ಟು ನೋಡು. ಯಾವ ಕಡೆ ಉರುಳುತ್ತದೆ ಎಂದು ಬರೆ.

ವನಜಾಕ್ಷಿ


ಬೀರೇದೊಡ್ಡಿ
೨೪ ಜುಲೈ ೨೦೦೫

ಚಿ. ವನಜಾಕ್ಷಿಗೆ ಆಶೀರ್ವಾದ.

ತಡವಾಯಿತು. ಎರಡು ಸಲ ಬರೆದು ಹರಿದೆ.

ನಿಂಬೆಹಣ್ಣು ಇಡುವ ಅಗತ್ಯವಿರಲಿಲ್ಲ, ಆದರೂ ಇಟ್ಟೆ. ಎಡಕ್ಕೆ ಉರುಳಿತು. ಅಭಿಷೇಕದ ನೀರು ನಿಲ್ಲದೆ ಹರಿದು ಹೋಗಲಿ ಎಂದು ಮೇಸ್ತ್ರಿ ಹೊಸ ಪೀಠಕ್ಕೆ ಎಡಗಡೆಯ ಮೋರಿಯತ್ತ ವಾಟ ಕೊಟ್ಟಿದ್ದಾನೆ. ದೇವರು ಅದರ ಮೇಲೆ ಕೂತ. ನೀರಿನ ಜೊತೆ ಹೂವೂ ಹರಿಯುತ್ತದೆ.

ಯುಗಾದಿಯಿಂದೀಚೆಗೆ ಕೇಳಿದವರಿಗೆಲ್ಲ ಬಹುಪಾಲು ಎಡವೇ. ಅನಂತರಾಜುವಿನ ಮಗಳ ಸಂಬಂಧಕ್ಕೂ ಎಡ, ನರಸಯ್ಯನ ಬೋರ್‌ವೆಲ್ಲಿಗೂ ಎಡ. ಗೋಮಾಳ ಮಾರಿದ್ದಕ್ಕೆ ದೇವರು ಮುನಿದಿದ್ದಾನೆ ಎಂದು ಊರಿನವರು ಮಾತಾಡಿಕೊಳ್ಳುತ್ತಿದ್ದಾರೆ. ನನಗೆ ಅನುಮಾನವಿತ್ತು. ಆದರೆ ನಾನು ಕೂಡ ದೇವರು ಮುನಿದಿರಬಹುದು ಎಂದೇ ನಂಬಲು ನೋಡಿದೆ. ಹಾಗೆ ನಂಬುವುದು ಸುಲಭವಾಗಿತ್ತು.

ಇದನ್ನು ಓದಿ ನೀನು ಅಮ್ಮನಿಗೆ ಹೇಳು ಎನ್ನುತ್ತೀಯ. ಏನೆಂದು ಹೇಳಲಿ? ಹೂ ಬೀಳುವುದು ಮೇಸ್ತ್ರಿಯ ಕೈಚಳಕದಿಂದ ಎಂದರೆ, ಹಿಂದೆ ಬಲಕ್ಕೆ ಬಿದ್ದದ್ದು ಬೇವಿನ ಬೇರಿನ ಕೈಚಳಕ ಎಂದಾಗುವುದಿಲ್ಲವೇ? ನಮ್ಮಪ್ಪ ಕೊಟ್ಟ ಹೂ, ನಾನು ಕೊಟ್ಟ ಹೂ. ಹನುಮಂತಮ್ಮ ಗಂಡ ಸತ್ತ ಮೇಲೆ ಬಾವಿಗೆ ಬೀಳುವವಳಿದ್ದಳು. ಬಲಗಡೆ ಹೂ ಬಂತೆಂದು ಬದುಕಿ ಎರಡು ಮಕ್ಕಳನ್ನು ದಡ ಸೇರಿಸಿದಳು. ಈಗಲೂ ಆ ಒಣ ಹೂ ಅವಳ ಮನೆಯ ಜಂತೆಯಲ್ಲಿದೆ. ಹೋಗಿ ತೆಗೆದು ಬಿಸಾಕಲು ಹೇಳಲಾ?

ಹೇಳದಿದ್ದರೆ ನಿನ್ನ ಅಮ್ಮ ಉಳಿಯುವುದಿಲ್ಲ. ಅದೂ ಕಾಣುತ್ತಿದೆ. ಮೊನ್ನೆ ಕೊಡ ಎತ್ತಲು ಹೋಗಿ ಅಲ್ಲೇ ಕೂತಳು. ನಾನು ನೀರು ಸೇದಿ ತಂದರೆ "ಗಂಡ್ಸು ಕೊಡ ಹೊತ್ರೆ ಊರ್ನೋರು ನಗ್ತಾರೆ" ಎಂದು ಬಯ್ಯುತ್ತಾಳೆ. ಬಯ್ಯುವಾಗಲೂ ಏದುಸಿರು.

ನೀನೇ ಬಂದು ಹೇಳು ಮಗಳೇ. ನನ್ನ ಬಾಯಲ್ಲಿ ಬರುವುದಿಲ್ಲ.

ಲಕ್ಕಯ್ಯ


ಹಾರೋಹಳ್ಳಿ
೩೦ ಜುಲೈ ೨೦೦೫

ಅಪ್ಪ,

ನಾನು ಹೇಳುವುದಿಲ್ಲ. ಹೇಳಿದರೂ ಅವಳು ನಂಬುವುದಿಲ್ಲ. ನನ್ನ ಮಾತು ಒಮ್ಮೆ ಸುಳ್ಳಾಗಿದೆ. ಫ್ಯಾಕ್ಟರಿ ಸೇರಿ ಮಗಳಿಗೆ ದೇವರು ದಿಂಡರು ಇಲ್ಲವಾಯಿತು ಎಂದುಕೊಳ್ಳುತ್ತಾಳೆ. ಆ ಹೂವನ್ನು ಇಟ್ಟ ಕೈ ನಿನ್ನದು, ನೀನು ಹೇಳಿದರೆ ಮಾತ್ರ ಕೇಳುತ್ತಾಳೆ.

ದೇವರು ಸುಳ್ಳು ಎಂದು ಹೇಳು ಅನ್ನುತ್ತಿಲ್ಲ. ಹನುಮಂತಮ್ಮನ ಹೂ ಜಂತೆಯಲ್ಲೇ ಇರಲಿ, ಯಾರು ತೆಗೆಯುತ್ತಾರೆ ಅದನ್ನು? ಪೀಠಕ್ಕೆ ವಾಟ ಕೊಟ್ಟಿದ್ದಾರೆ ಎಂಬುದೊಂದನ್ನು ಹೇಳು.

ಇನ್ನೊಂದು ಮಾತು. ತೊಂಬತ್ತೈದು ಎಂದಾಗ ನಾನು ನಗುತ್ತಿದ್ದೆ ಎಂದು ಬರೆದಿದ್ದೀಯ. ರೂಮಿಗೆ ಬಂದು ಅತ್ತೆ. ನೂರು ಜನರ ಬಗ್ಗೆ ಲೆಕ್ಕ ಎಷ್ಟು ಬೇಕಾದರೂ ಹೇಳುತ್ತದೆ, ಒಬ್ಬಳು ಅಮ್ಮನ ಬಗ್ಗೆ ಒಂದು ಮಾತೂ ಹೇಳುವುದಿಲ್ಲ. ಮುಚ್ಚಳ ಕೆಟ್ಟರೆ ಆಚೆಗೆ ಎಸೆಯುತ್ತೇವೆ, ನೂರಕ್ಕೆ ಐದು ತಾನೇ ಎನ್ನುತ್ತೇವೆ. ಅಮ್ಮ ಆ ಐದರಲ್ಲಿ ಇದ್ದರೆ ಎಂಬ ಭಯ ನಿನಗೆಷ್ಟಿದೆಯೋ ನನಗೂ ಅಷ್ಟೇ ಇದೆ. ಆದರೆ ಸುಮ್ಮನೆ ಕೂತರೆ ಏನಾಗುತ್ತದೆ ಎಂದು ಇಬ್ಬರಿಗೂ ಗೊತ್ತು.

ಹಾಸಿಗೆ ಹದಿನೇಳಕ್ಕೆ. ಕಾಯುತ್ತಿರುತ್ತೇನೆ.

ವನಜಾಕ್ಷಿ


ಬೀರೇದೊಡ್ಡಿ
೧೦ ಆಗಸ್ಟ್ ೨೦೦೫

ಚಿ. ವನಜಾಕ್ಷಿಗೆ,

ಇಂದು ನಿನ್ನ ಅಮ್ಮ ಹೇಳುತ್ತಾಳೆ, ನಾನು ಬರೆಯುತ್ತೇನೆ. ಒಂದಕ್ಷರ ತಿದ್ದಕೂಡದು ಎಂದು ತಾಕೀತು ಮಾಡಿದ್ದಾಳೆ.

"ವನಜಾ, ಸೋಮಾರ ನಿಮ್ಮಪ್ಪ ಪೂಜೆ ಮುಗುಸ್ಕಂಡು ಬಂದು ಜಗುಲಿ ಮ್ಯಾಲೆ ಕುಂತ್ಕಂಡ. ಉಣ್ಣಾಕೆ ಕರುದ್ರೆ ಏಳ್ನಿಲ್ಲ. ಆಮೇಲೆ ಎಲ್ಲಾನೂ ಹೇಳ್ದ. ಪೀಠ, ವಾಟ, ನಿಂಬೆಹಣ್ಣು, ನಿನ್ನ ಹುಣಿಸೆ ಬೀಜ. ನಂಗೆ ಎಲ್ಲಿತ್ತೋ ಸಿಟ್ಟು ಬಂತು. ಇಷ್ಟು ದಿನ ಯಾಕೆ ಬಾಯ್ಬುಡ್ನಿಲ್ಲ ಅಂತ ಚೆನ್ನಾಗಿ ಬಯ್ದೆ. ಬೀರಪ್ಪನ್ನ ಬಯ್ನಿಲ್ಲ. ಮೇಸ್ತ್ರಿ ಮಾಡಿದ್ ಕೆಲ್ಸಕ್ಕೆ ಅವ್ನೇನ್ ಮಾಡಾನು ಪಾಪ.

"ಇನ್ನೊಂದ್ ದಪ ಕೇಳಾನಾ, ಪೀಠದ ಕೆಳೀಕೆ ಒಂದ್ ಚೂರು ಕಲ್ಲು ಒತ್ತಿ ಮಟ್ಟ ಮಾಡ್ತೀನಿ ಅಂದ. ಬ್ಯಾಡ ಅಂದೆ. ದೇವ್ರು ಹೇಳಿದ್ ಸಾಕು, ಡಾಕ್ಟ್ರು ಹೇಳಿದ್ ಸಾಕು, ನಿನ್ನ ಮಗಳು ಹೇಳಿದ್ದೂ ಸಾಕು. ನೀನೇನ್ ಹೇಳೀಯ, ಅದ್ನ ಹೇಳು ಅಂದೆ. ಮದ್ವೆ ಆದಾಗ್ನಿಂದ ದೇವ್ರು ಹಿಂಗಂತು, ದೇವ್ರು ಹಂಗಂತು ಅಂತ ಹೇಳ್ಕಂಡೇ ಬಂದೌನೆ. ತನಗೇನ್ ಬೇಕು ಅಂತ ಒಂದ್ ದಿನಾನೂ ಬಾಯ್ಬುಟ್ಟು ಹೇಳ್ದೋನಲ್ಲ."

(ಇಲ್ಲಿಂದ ಮುಂದಕ್ಕೆ ಬರೆಯುವುದಿಲ್ಲ ಎಂದೆ. ಬರೆಯದಿದ್ದರೆ ಹುಚ್ಚಯ್ಯನ ಅಂಗಡಿಗೆ ಹೋಗಿ ಫೋನಿನಲ್ಲೇ ಹೇಳುತ್ತಾಳಂತೆ. ಬರೆಯುತ್ತಿದ್ದೇನೆ.)

"'ನೀನು ಬದುಕ್ಬೇಕು ಕಣೇ ಕಿಟ್ಟಿ, ನೀನಿಲ್ದೆ ನಂಗಾಗಾಕಿಲ್ಲ' ಅಂದ. ಅಳ್ತಾ ಅಂದ."

(ಅಳಲಿಲ್ಲ.)

"ಅತ್ತ. ಬರಿ. ಈ ಮಾತು ಕೇಳಾಕೆ ನಂಗೆ ಇಷ್ಟು ವರ್ಸ ಬೇಕಾಯ್ತು. ಇನ್ನು ನಾನು ಆ ಐದ್ರಲ್ಲಾದ್ರೂ ಸೇರ್ಲಿ, ತೊಂಬತ್ತೈದ್ರಲ್ಲಾದ್ರೂ ಸೇರ್ಲಿ, ಬತ್ತೀನಿ. ಗುಡಿ ವಿಷ್ಯ ನರಸಯ್ಯಂಗೂ ಹೇಳೌನೆ. ಶ್ರಾವಣ ಕಳೀಲಿ, ಪೀಠ ಎತ್ತಿ ಮಟ್ಟ ನೋಡಿ ಕೂರ್ಸಾನ ಅಂದೌರೆ. ಊರ್ನೋರು ಒಸಿ ದಿನ ಆಡ್ಕತಾರೆ, ಆಡ್ಕಳ್ಳಿ. ಭಾನ್ವಾರ ಬೆಳಿಗ್ಗೆ ಬಸ್ಸಿಗೆ ಇಬ್ರೂ ಹೊಲ್ಡ್ತೀವಿ. ನೀನು ಸ್ಟಾಂಡ್ ತಾವ ಇರು."

ಹೇಳಿದವಳು ಕೃಷ್ಣಮ್ಮ
ಬರೆದವನು ಲಕ್ಕಯ್ಯ

ಅಮ್ಮ ಒಳಗೆ ಹೋದಳು. ಅತ್ತಿದ್ದು ನಿಜ.